ಜೈಲು, ಆಸ್ಪತ್ರೆ, ಹೊಲ: ಫಿಲಡೆಲ್ಫಿಯಾ ಸುತ್ತಿನ ಮೂರು ದೆವ್ವದ ಮನೆಗಳು

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ದಸರಾ ಗೊಂಬೆಗಳ ಫೋಟೋ ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ ಶುರುವಾಗುತ್ತದೆ: ಈ ಸಲ ಯಾವ ಹಾಂಟೆಡ್ ಹೌಸಿಗೆ ಹೋಗೋಣ? ಫಿಲಡೆಲ್ಫಿಯಾದಿಂದ ಸುಮಾರು ಒಂದು ಗಂಟೆಯ ಹಾದಿಯೊಳಗೆ ಹೆಸರು ಮಾಡಿದ ಮೂರು ಜಾಗಗಳಿವೆ. ನಗರದೊಳಗೇ ಇರುವ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ, ವಾಯವ್ಯಕ್ಕೆ ಸ್ಪ್ರಿಂಗ್ ಸಿಟಿ ಬಳಿಯ ಪೆನ್‌ಹರ್ಸ್ಟ್ ಅಸೈಲಮ್, ಗ್ಲೆನ್ ಮಿಲ್ಸ್ ಕಡೆಯ ಅರಸಾಫಾ ಫಾರ್ಮ್‌ನಲ್ಲಿ ನಡೆಯುವ ಬೇಟ್ಸ್ ಮೋಟೆಲ್ ಮತ್ತು ಹಾಂಟೆಡ್ ಹೇರೈಡ್. ಒಂದು ಹಳೆಯ ಜೈಲು, ಒಂದು ಹಳೆಯ ಆಸ್ಪತ್ರೆ, ಒಂದು ಹೊಲ. ಮೂರನ್ನೂ ಬೇರೆ ಬೇರೆ ವರ್ಷ ಮಗಳ ಜೊತೆ ನೋಡಿದ್ದೇನೆ, ಹೇರೈಡಿಗೆ ಊರಿನಿಂದ ಬಂದಿದ್ದ ಭಾವನೂ ಜೊತೆಗಿದ್ದರು. ‘ಯಾವುದು ಹೆಚ್ಚು ಹೆದರಿಸುತ್ತೆ’ ಎಂದು ಕೇಳುವವರಿಗೆ ಒಂದೇ ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಹ್ಯಾಲೋವೀನ್ ಎಂದರೆ ಅಕ್ಟೋಬರ್ 31ರ ದೆವ್ವದ ವೇಷದ ಹಬ್ಬ, ಅದರ ಸೀಸನ್ನಿನಲ್ಲಿ ಟಿಕೆಟ್ ಕೊಂಡು ಹೆದರಿಸಿಕೊಳ್ಳಲು ಹೋಗುವ ಜಾಗಗಳು ಇವು. ಇಲ್ಲಿ ಹೆದರಿಸುವುದು ಬೊಂಬೆಗಳಿಗಿಂತ ಹೆಚ್ಚಾಗಿ ಮನುಷ್ಯರು. ಸಂಜೆ ಮೇಕಪ್ ಬಳಿದುಕೊಂಡು, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಕತ್ತಲಲ್ಲಿ ಕಾಯುತ್ತಿರುತ್ತಾರೆ. ಎಡಗಡೆ ಏನೋ ಮಿನುಗುತ್ತದೆ, ಕಣ್ಣು ಅತ್ತ ಹೋಗುತ್ತದೆ, ಅಷ್ಟರಲ್ಲಿ ಬಲಗಡೆಯ ಹಲಗೆ ದಢಾರನೆ ಕೆಳಗೆ ಬಿದ್ದು ಅಲ್ಲೊಂದು ಮುಖ. ಮೂಲ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಹೊಗೆ, ಪಟಪಟನೆ ಮಿನುಗುವ ಸ್ಟ್ರೋಬ್ ಲೈಟು, ಕತ್ತಿನ ಹಿಂದೆ ಫುಸ್ ಎನ್ನುವ ಗಾಳಿ. ಸಾಲಿನಲ್ಲಿ ಮೊದಲು ನಿಂತವರಿಗೂ ಕೊನೆಯವರಿಗೂ ಕಾಟ ಜಾಸ್ತಿ, ನಡುವೆ ನುಸುಳಿಕೊಂಡವರು ಬಹುತೇಕ ಬಚಾವ್. ಮೊದಲು ಕಿರುಚಿದವರ ಬೆನ್ನನ್ನಂತೂ ಬಿಡುವುದೇ ಇಲ್ಲ. ಗರಗಸ ಹಿಡಿದು ಅಟ್ಟಿಸಿಕೊಂಡು ಬರುವವನ ಕೈಯಲ್ಲಿರುವ ಚೈನ್‌ಸಾದಲ್ಲಿ ಸರಪಳಿಯೇ ಇರುವುದಿಲ್ಲ, ಬರೀ ಎಂಜಿನ್. ಇದೆಲ್ಲ ಗೊತ್ತಿದ್ದೂ, ಆ ಸದ್ದು ಹಿಂದಿನಿಂದ ಬಂದು ಪೆಟ್ರೋಲ್ ವಾಸನೆ ಮೂಗಿಗೆ ಬಡಿದಾಗ ಕಾಲು ನಮ್ಮನ್ನು ಕೇಳದೆ ಓಡುತ್ತದೆ.

ಈಸ್ಟರ್ನ್ ಸ್ಟೇಟ್‌ನಿಂದ ಶುರು ಮಾಡೋಣ. ಫೇರ್‌ಮೌಂಟ್ ಅವೆನ್ಯೂದಲ್ಲಿ ಕಾರಿನಿಂದ ಇಳಿದರೆ ಎದುರಿಗೆ ಮೂವತ್ತು ಅಡಿ ಎತ್ತರದ ಕಲ್ಲಿನ ಗೋಡೆ, ಕೋಟೆಯ ಬುರುಜು. 1829ರಲ್ಲಿ ಶುರುವಾದ ಜೈಲು ಇದು, ವಿನ್ಯಾಸ ಜಾನ್ ಹ್ಯಾವಿಲ್ಯಾಂಡ್ ಎಂಬ ವಾಸ್ತುಶಿಲ್ಪಿಯದು. ನಡುವೆ ಒಂದು ದುಂಡು ಕೋಣೆ, ಅಲ್ಲಿಂದ ಏಳು ದಿಕ್ಕಿಗೆ ಚಾಚಿದ ಉದ್ದುದ್ದ ಕಮಾನಿನ ಓಣಿಗಳು. ಕೈದಿ ಒಬ್ಬಂಟಿಯಾಗಿ ಕೂತು ಪಶ್ಚಾತ್ತಾಪ ಪಡಬೇಕು ಎಂಬ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ನಂಬಿಕೆಯಿಂದ ಕಟ್ಟಿದ್ದು. ಒಬ್ಬನಿಗೆ ಒಂದು ಕೋಣೆ, ಮೇಲೆ ಒಂದು ಬೆಳಕಿಂಡಿ, ಹೊರಗೆ ಕರೆದೊಯ್ಯುವಾಗ ಮುಖಕ್ಕೆ ಮುಸುಕು. ಮುಂದೆ ಲೋಕದ ನಾನಾ ಕಡೆ ನೂರಾರು ಜೈಲುಗಳು ಇದೇ ನಕ್ಷೆಯಲ್ಲಿ ಎದ್ದವು. 1842ರಲ್ಲಿ ಬಂದು ನೋಡಿದ ಚಾರ್ಲ್ಸ್ ಡಿಕನ್ಸ್, ಈ ಒಂಟಿತನದ ಶಿಕ್ಷೆ ಮೈಗೆ ಕೊಡುವ ಹಿಂಸೆಗಿಂತ ಕ್ರೂರವೆಂದು ಖಂಡಿಸಿ ಬರೆದ. ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನೆ 1929–30ರಲ್ಲಿ ಕೆಲವು ತಿಂಗಳು ಇಲ್ಲೇ ಇದ್ದ. 1971ರಲ್ಲಿ ಜೈಲು ಮುಚ್ಚಿತು. ಗಿಡಗಂಟಿ ಬೆಳೆದು ಪಾಳುಬಿದ್ದ ಕಟ್ಟಡವನ್ನು ಈಗ ಪಾಳುಬಿದ್ದ ಸ್ಥಿತಿಯಲ್ಲೇ ಉಳಿಸಿಕೊಂಡು ಮ್ಯೂಸಿಯಂ ನಡೆಸುತ್ತಿದ್ದಾರೆ.

ಹ್ಯಾಲೋವೀನ್ ಕಾರ್ಯಕ್ರಮ ಹುಟ್ಟಿದ್ದೇ ಈ ಕಟ್ಟಡ ಉಳಿಸಲು ದುಡ್ಡು ಎತ್ತುವುದಕ್ಕೆ, 1991ರಲ್ಲಿ. ಬಹಳ ವರ್ಷ ‘ಟೆರರ್ ಬಿಹೈಂಡ್ ದ ವಾಲ್ಸ್’ ಎಂಬ ಹೆಸರಿತ್ತು, ಕೋವಿಡ್ ಬಿಡುವಿನ ನಂತರ 2021ರಿಂದ ‘ಹ್ಯಾಲೋವೀನ್ ನೈಟ್ಸ್’. ಒಂದೇ ಟಿಕೆಟ್ಟಿನಲ್ಲಿ ಐದು ಬೇರೆ ಬೇರೆ ಮನೆಗಳು. ನಡುನಡುವೆ ಅಂಗಳದಲ್ಲಿ ಕೂರಬಹುದು, ಬಿಯರ್ ಕುಡಿಯಬಹುದು, ಜೈಲಿನೊಳಗೆ ಟಾರ್ಚ್ ಹಿಡಿದು ಸುತ್ತಬಹುದು. ನನಗೆ ಇಲ್ಲಿ ಬಹಳ ಹಿಡಿಸಿದ್ದು ಒಂದು ಸಣ್ಣ ವ್ಯವಸ್ಥೆ: ಕತ್ತಿಗೆ ಹೊಳೆಯುವ ಹಾರ ಹಾಕಿಕೊಂಡರೆ ‘ನನ್ನನ್ನು ಮುಟ್ಟಬಹುದು’ ಎಂದು ಅರ್ಥ. ಹಾಕಿಕೊಂಡವರ ಕಾಲು ಹಿಡಿಯುತ್ತಾರೆ, ಗುಂಪಿನಿಂದ ಬೇರೆ ಮಾಡಿ ಯಾವುದೋ ಗುಪ್ತ ಬಾಗಿಲಿನಿಂದ ಎಳೆದೊಯ್ಯುತ್ತಾರೆ. ಹಾಕಿಕೊಳ್ಳದವರ ಮೂಗಿನ ತನಕ ಬಂದು ನಿಲ್ಲುತ್ತಾರೆಯೇ ಹೊರತು ಬೆರಳು ತಾಗಿಸುವುದಿಲ್ಲ. ಮಗಳು ಹಾಕಿಕೊಂಡಳು. ಜೋಕರ್‌ಗಳ ಸರ್ಕಸ್ ಮನೆಯಲ್ಲಿ ಒಬ್ಬ ಅವಳ ಪಕ್ಕಕ್ಕೆ ಬಂದು, ತುಂಬಾ ಮರ್ಯಾದೆಯಿಂದ ಕೈ ಚಾಚಿದ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಹೊರಟೇಹೋದಳು. ಮುಂದಿನ ತಿರುವಿನಲ್ಲಿ ನನ್ನ ಮೇಲೆ ಹಾರಿ ಕಿರುಚಿದ್ದು ಅವಳೇ, ಪಕ್ಕದಲ್ಲಿ ಆ ಜೋಕರ್ ಹಲ್ಲು ಕಿರಿಯುತ್ತಿದ್ದ. ಆ ರಾತ್ರಿ ನನ್ನ ಎದೆ ನಿಜವಾಗಿ ಧಸಕ್ಕೆಂದದ್ದು ಆಗ.

ಐದೂ ಒಂದೇ ಮಟ್ಟದಲ್ಲಿಲ್ಲ. ತ್ರೀಡಿ ಕನ್ನಡಕ ಹಾಕಿಕೊಂಡು ನಡೆಯುವ ‘ಡೆಲಿರಿಯಮ್’ ಬಣ್ಣದ ಆಟ, ನೋಡಲು ಚೆಂದ, ಹೆದರಿಕೆ ಅಷ್ಟಕ್ಕಷ್ಟೇ. ಆದರೆ ಸೆಟ್ಟು, ಬೆಳಕು, ನಟರ ತಾಳ, ಈ ಮೂರರಲ್ಲೂ ಈ ಜಾಗವನ್ನು ಉಳಿದೆರಡು ಮೀರಿಸಲಾರವು. ಇನ್ನೊಂದು ಸಂಗತಿ: ನಾವು ಹೋದ ವರ್ಷ ಒಳಗಿನ ಕಥೆಗಳಲ್ಲಿ ಜೋಕರ್‌ಗಳು, ರಕ್ತಪಿಶಾಚಿಗಳು ಇದ್ದರೇ ಹೊರತು ಕೈದಿಗಳನ್ನೇ ರಾಕ್ಷಸರನ್ನಾಗಿ ಮಾಡಿ ನಿಲ್ಲಿಸಿದ್ದು ಕಾಣಲಿಲ್ಲ. ಹಗಲು ಹೋದರೆ ಅದೇ ಅಂಗಳದಲ್ಲಿ ಹದಿನಾರು ಅಡಿಯ ಉಕ್ಕಿನ ಗ್ರಾಫ್ ನಿಂತಿದೆ, ಅಮೆರಿಕದ ಜೈಲುಗಳಲ್ಲಿ ಜನ ಹೇಗೆ ತುಂಬುತ್ತಾ ಹೋದರು ಎಂದು ತೋರಿಸಲು. ರಾತ್ರಿಯ ಟಿಕೆಟ್ಟಿನ ದುಡ್ಡು ಹಗಲಿನ ಆ ಪಾಠಕ್ಕೂ ಹೋಗುತ್ತದೆ ಎಂದು ತಿಳಿದಾಗ ಕಿರುಚುವುದಕ್ಕೆ ಮನಸ್ಸು ಅಷ್ಟು ಅಳುಕುವುದಿಲ್ಲ.

ಪೆನ್‌ಹರ್ಸ್ಟ್‌ನಲ್ಲಿ ನನಗೆ ಅಳುಕಿತು. ಹೆದರಿಸುವ ಶಕ್ತಿಯೊಂದನ್ನೇ ಅಳೆದರೆ ಇದಕ್ಕೇ ಮೊದಲ ಸ್ಥಾನ ಕೊಡುವವರು ನಮ್ಮ ಗುಂಪಿನಲ್ಲಿ ಹಲವರಿದ್ದಾರೆ, ಸುಮ್ಮನೆ ಅಲ್ಲ. ಕಾಡಿನ ನಡುವೆ ಕಿಟಕಿ ಒಡೆದ ಇಟ್ಟಿಗೆಯ ಕಟ್ಟಡಗಳು, ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯ ಸುರಂಗಗಳು. ಸುರಂಗದೊಳಗೆ ನಡೆಯುವಾಗ ತಲೆಯ ಮೇಲೆ ಹಳೆಯ ಪೈಪುಗಳು, ಗೋಡೆಯ ತೇವ. ಅಲ್ಲಿ ಯಾರೂ ಹಾರಿ ಬೀಳದಿದ್ದರೂ ಜಂಘಾಬಲ ಉಡುಗುತ್ತದೆ. ಇಂಥ ಜಾಗವನ್ನು ಎಷ್ಟು ದುಡ್ಡು ಸುರಿದರೂ ಹೊಸದಾಗಿ ಕಟ್ಟಲು ಆಗದು.

ತೊಂದರೆ ಇರುವುದೂ ಅಲ್ಲೇ. 1908ರಲ್ಲಿ ತೆರೆದ ಇದು ಬುದ್ಧಿಮಾಂದ್ಯ ಮಕ್ಕಳನ್ನೂ ಮೂರ್ಛೆರೋಗ ಇದ್ದವರನ್ನೂ ತಂದು ಬಿಡುತ್ತಿದ್ದ ಸರ್ಕಾರಿ ಸಂಸ್ಥೆ. 1968ರಲ್ಲಿ ಬಿಲ್ ಬಾಲ್ಡಿನಿ ಎಂಬ ಟಿವಿ ವರದಿಗಾರ ಕ್ಯಾಮೆರಾ ಒಯ್ದು ಒಳಗಿನ ಸ್ಥಿತಿ ತೋರಿಸಿದಾಗ ಅಲ್ಲಿದ್ದವರು 2,700ಕ್ಕೂ ಹೆಚ್ಚು. ಮಂಚಕ್ಕೆ ಕಟ್ಟಿಹಾಕಿದ ಮಕ್ಕಳು, ನೋಡಿಕೊಳ್ಳಲು ಸಾಲದ ಸಿಬ್ಬಂದಿ. 1974ರಲ್ಲಿ ಕೇಸು ಬಿತ್ತು, 1977ರಲ್ಲಿ ನ್ಯಾಯಾಧೀಶ ರೇಮಂಡ್ ಬ್ರಾಡರಿಕ್ ಅಲ್ಲಿದ್ದವರ ಹಕ್ಕುಗಳನ್ನು ತುಳಿಯಲಾಗಿದೆ ಎಂದು ತೀರ್ಪು ಕೊಟ್ಟರು. ಮೇಲ್ಮನವಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 1987ರಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಚರಿತ್ರೆ ಬರೆಯುವವರು ಪೆನ್‌ಹರ್ಸ್ಟ್ ಹೆಸರು ಬಿಟ್ಟು ಬರೆಯುವಂತಿಲ್ಲ. 2010ರಲ್ಲಿ ಅಲ್ಲೇ ಹಾಂಟೆಡ್ ಅಸೈಲಮ್ ಶುರುವಾದಾಗ ಹಕ್ಕುಗಳ ಹೋರಾಟಗಾರರು ವಿರೋಧಿಸಿದ್ದೂ ಅದಕ್ಕೇ.

ನಟರಲ್ಲಿ ಕುಂದಿಲ್ಲ, ಸೆಟ್ಟಿನಲ್ಲೂ ಇಲ್ಲ. ಆದರೆ ಆಸ್ಪತ್ರೆಯ ಗೌನು ತೊಟ್ಟು, ಕತ್ತು ವಾಲಿಸಿಕೊಂಡು ಒಂದು ಆಕೃತಿ ನನ್ನತ್ತ ಬಂದಾಗ ನನಗೆ ಕಂಡದ್ದು ದೆವ್ವವಲ್ಲ, ರೋಗಿ. ಹೊರಗೆ ಬಂದು ಕ್ಯೂ ಪಕ್ಕದ ಕಟ್ಟೆಯಲ್ಲಿ ಕೂತಾಗ ಮಗಳು ಕೇಳಿದಳು, “ಅಪ್ಪಾ, ಇಲ್ಲಿ ನಿಜವಾಗ್ಲೂ ಚಿಕ್ಕ ಮಕ್ಕಳಿದ್ರಾ?” ಇದ್ದರು ಎಂದೆ. “ಹಾಗಿದ್ರೆ ನಾವು ಯಾರನ್ನ ನೋಡಿ ಹೆದರಿಕೊಂಡ್ವಿ?” ಕಾರಿನವರೆಗೂ ನಾನು ಮಾತಾಡಲಿಲ್ಲ. ಅಲ್ಲಿ ಈಗ ಮ್ಯೂಸಿಯಂ ಇದೆ, ಹಗಲು ಚರಿತ್ರೆಯ ಟೂರ್ ಮಾಡಿಸುತ್ತಾರೆ. ಅದಕ್ಕೆ ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ. ರಾತ್ರಿಯ ಆಟಕ್ಕೆ ನಾನು ಮತ್ತೆ ಹೋಗುವುದಿಲ್ಲ. ‘ಜೈಲಿನಲ್ಲಿ ಮಾತ್ರ ಜನ ಸಂಕಟಪಟ್ಟಿರಲಿಲ್ಲವಾ’ ಎಂದು ಗೆಳೆಯನೊಬ್ಬ ವಾದಕ್ಕೆ ಬಂದ. ಪಟ್ಟಿದ್ದರು. ಆದರೆ ಒಂದು ಕಡೆ ಆ ಸಂಕಟವನ್ನು ಪಕ್ಕಕ್ಕಿಟ್ಟು ಜೋಕರ್ ವೇಷ ಹಾಕಿದ್ದಾರೆ, ಇನ್ನೊಂದು ಕಡೆ ಸಂಕಟವೇ ವೇಷ. ನನಗೆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಹೇರೈಡಿನಲ್ಲಿ ಈ ತಲೆನೋವು ಒಂದೂ ಇಲ್ಲ. ಅದು ಹೊಲ, ಅಲ್ಲಿ ನಡೆಯುವುದೆಲ್ಲ ಸುಳ್ಳು, ಸುಳ್ಳೆಂದು ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರ್ ಹಿಂದೆ ಗಾಡಿ, ಗಾಡಿ ತುಂಬ ಒಣಹುಲ್ಲು, ಅದರ ಮೇಲೆ ನಾವು. ಕಾಡಿನೊಳಗೆ ನುಗ್ಗಿದ ಮೇಲೆ ಇಕ್ಕೆಲದಲ್ಲೂ ಎತ್ತರದ ಸೆಟ್ಟುಗಳು, ಏಕಾಏಕಿ ಭಗ್ಗೆಂದು ಏಳುವ ಬೆಂಕಿ, ಅದರ ಬಿಸಿ ಕೆನ್ನೆಗೆ ತಾಗುತ್ತದೆ. ಹಾಂಟೆಡ್ ಹೌಸಿನಲ್ಲಾದರೆ ಬೇಕಾದಾಗ ಹೆಜ್ಜೆ ಜೋರು ಮಾಡಬಹುದು. ಇಲ್ಲಿ ಓಡುವಂತಿಲ್ಲ, ಇಳಿಯುವಂತಿಲ್ಲ, ಟ್ರ್ಯಾಕ್ಟರ್ ನಿಲ್ಲಿಸಿದರೆ ನಿಂತಲ್ಲೇ ಕಾಯಬೇಕು. ಕತ್ತಲಲ್ಲಿ ಗಾಡಿ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಭಾವ ಜೋರಾಗಿಯೇ ಹೇಳಿದರು, “ಡೀಸೆಲ್ ಖಾಲಿಯಾಗಿರಬೇಕು ಕಣೋ.”

ಭಾವ ಸಾಗರದ ಕಡೆಯವರು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದಾಗ ಕೊಳ್ಳಿದೆವ್ವ ಕಂಡಿದ್ದೇನೆ ಎಂದು ಇವತ್ತಿಗೂ ಹೇಳುವ ಮನುಷ್ಯ, ಇಲ್ಲಿ ಮಾತ್ರ ಜಪ್ಪಯ್ಯ ಎಂದರೂ ಹೆದರಲಿಲ್ಲ. ಗಾಡಿಯ ಅಂಚು ಹಿಡಿದು ಮೇಲೆ ಹತ್ತಿದ ಒಬ್ಬನ ಕೊಳೆತ ಮುಖವನ್ನು ಹತ್ತಿರದಿಂದ ನೋಡಿ, “ಬಣ್ಣ ಚೆನ್ನಾಗಿ ಕಟ್ಟಿದ್ದಾನೆ, ನಮ್ಮ ಯಕ್ಷಗಾನದ ಬಣ್ಣದ ವೇಷದವರಿಗೆ ತೋರಿಸಬೇಕು” ಎಂದರು. ಆಮೇಲೆ ಕಾಲ್ನಡಿಗೆಯ ಬೇಟ್ಸ್ ಮೋಟೆಲ್ ಮನೆಯೊಳಗೆ ಹಿಂದಿನಿಂದ ಏನೋ ದಢ್ ಎಂದಾಗ ನನ್ನ ಜಾಕೆಟ್ಟಿನ ತೋಳು ಹಿಡಿದವರು ಹೊರಗೆ ಬರುವ ತನಕ ಬಿಡಲಿಲ್ಲ, ಅದನ್ನು ಅಕ್ಕನಿಗೆ ಹೇಳಬಾರದೆಂದು ಮಾತು ತೆಗೆದುಕೊಂಡರು. ಕುಶಲತೆಯಲ್ಲಿ ಜೈಲಿಗಿಂತ ಒಂದು ಮೆಟ್ಟಿಲು ಕೆಳಗೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುವುದರಲ್ಲಿ ಎರಡು ಮೆಟ್ಟಿಲು ಮೇಲೆ. ಊರಿನಿಂದ ಬಂದವರನ್ನು ಒಂದೇ ಜಾಗಕ್ಕೆ ಕರೆದೊಯ್ಯುವುದಾದರೆ ನಾನು ಇಲ್ಲಿಗೇ ಒಯ್ಯುತ್ತೇನೆ.

ಇವಲ್ಲದೆ ಖಾಲಿ ಬಿದ್ದ ಅಂಗಡಿಗಳಲ್ಲಿ, ಪಾರ್ಕಿಂಗ್ ಲಾಟ್‌ಗಳಲ್ಲಿ ಸೀಸನ್ನಿಗೆ ತಲೆಯೆತ್ತುವ ಸಣ್ಣಪುಟ್ಟವು ಬೇಕಾದಷ್ಟಿವೆ. ಅಂಥದ್ದೊಂದಕ್ಕೆ, ಹೆಸರು ಬೇಡ, ಹೋಗಿ ಕ್ಯೂನಲ್ಲಿ ಕಳೆದ ಸಮಯದ ಕಾಲುಭಾಗವೂ ಒಳಗೆ ಕಳೆಯಲಿಲ್ಲ. ಬರೀ ಸ್ಟ್ರೋಬ್ ಲೈಟು, ಕಿವಿ ಒಡೆಯುವ ಸದ್ದು. ಮಗಳಿಗೆ ತಲೆನೋವು ಬಂದದ್ದೇ ಲಾಭ.

ಹೋಗುವವರಿಗೆ: ಮೂರು ಕಡೆಯೂ ದಿನ ನೋಡಿ ಟಿಕೆಟ್ ದರ, ಹ್ಯಾಲೋವೀನ್ ಹತ್ತಿರದ ಶನಿವಾರ ಅತಿ ದುಬಾರಿ, ಕ್ಯೂ ಕೂಡ ಅತಿ ಉದ್ದ. ಸೆಪ್ಟೆಂಬರ್ ಕೊನೆಗೇ ಶುರುವಾಗುತ್ತವೆ, ಹಾಗಾಗಿ ಅಕ್ಟೋಬರ್ ಮೊದಲ ವಾರದ ಗುರುವಾರವೋ ಭಾನುವಾರವೋ ನೋಡಿಕೊಳ್ಳಿ. ಹ್ಯಾಲೋವೀನ್ ದಿನವೇ ಹೋಗಬೇಕೆಂಬ ಹಟ ಬೇಡ. ಆವತ್ತು ಮಕ್ಕಳಿಗೆ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಟ್ರಿಕ್ ಆರ್ ಟ್ರೀಟ್ ಇರುತ್ತದೆ, 2024ರಲ್ಲಂತೂ ಊರಿನ ಪಂಚಾಂಗದಂತೆ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿದ್ದು ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಚಾಕೊಲೇಟ್ ಹಂಚುವುದು ಎಂದು ಮನೆಯವರೆಲ್ಲ ಸುಸ್ತು. ಹೇರೈಡಿಗೆ ದಪ್ಪ ಜಾಕೆಟ್ ಬೇಕೇ ಬೇಕು, ಹುಲ್ಲಿನ ಧೂಳು ಆಗದವರು ಮಾಸ್ಕ್ ಹಾಕಿಕೊಳ್ಳಲಿ. ಮೂರ್ಛೆರೋಗ ಇರುವವರು ಸ್ಟ್ರೋಬ್ ಲೈಟಿನ ಮನೆಗಳಿಂದ ದೂರ ಇರುವುದು ಒಳ್ಳೆಯದು.

ಚಿಕ್ಕ ಮಕ್ಕಳಿದ್ದರೆ ಮೂರೂ ಬೇಡ. ಮೀಡಿಯಾ ಊರಿನ ಲಿನ್‌ವಿಲ್ಲಾ ಆರ್ಚರ್ಡ್ಸ್‌ಗೆ ಹೋಗಿ, ಅಲ್ಲೂ ಹೇರೈಡ್ ಇದೆ, ಮಾಟಗಾತಿಯ ಮನೆಯ ತನಕ ಕರೆದೊಯ್ದು ಕಥೆ ಹೇಳಿ ವಾಪಸು ತರುತ್ತಾರೆ. ಬರುವಾಗ ಕುಂಬಳಕಾಯಿ, ಸೇಬು, ಆ್ಯಪಲ್ ಸೈಡರ್ ಡೋನಟ್ ತರಬಹುದು.