ವ್ಯಾಲೆಟ್ ಗ್ರಾಹಕರ ಗುರುತು: ಓಟಿಪಿ ಸಾಕಾ, ವಿಡಿಯೋ ಕೆವೈಸಿ ಬೇಕಾ?

ನಮ್ಮ ಡಿಜಿಟಲ್ ವ್ಯಾಲೆಟ್‌ನಲ್ಲಿ ಗ್ರಾಹಕರ ಗುರುತು ಪರಿಶೀಲಿಸಲು ಯಾವ ಎಪಿಐ (ಬೇರೆ ಸೇವೆಯನ್ನು ನಮ್ಮ ಆ್ಯಪ್‌ಗೆ ಜೋಡಿಸುವ ಸಾಫ್ಟ್‌ವೇರ್ ಕೊಂಡಿ) ಜೋಡಿಸಲಿ ಎಂದು ಕೇಳಿದ್ದೀರಿ. ಮೊದಲು ಇದನ್ನು ನೋಡಿ: ನಿಮ್ಮ ಗ್ರಾಹಕರು ಹಣವನ್ನು ಬರೀ ಖರೀದಿಗೆ ಬಳಸುತ್ತಾರಾ, ಬೇರೆಯವರಿಗೂ ಕಳಿಸುತ್ತಾರಾ?

ಖರೀದಿಗಷ್ಟೇ ಆದರೆ ಸಣ್ಣ ವ್ಯಾಲೆಟ್ ಸಾಕು. ಆರ್‌ಬಿಐನ 2021ರ ನಿಯಮದಲ್ಲಿ ಇದರಲ್ಲಿ ಇಡಬಹುದಾದ ಹಣದ ಮಿತಿ 10,000 ರೂಪಾಯಿ. ಓಟಿಪಿಯಿಂದ ಮೊಬೈಲ್ ನಂಬರ್ ಖಚಿತವಾಗಬೇಕು. ಹೆಸರು ಮತ್ತು ಒಂದು ಗುರುತಿನ ದಾಖಲೆಯ ಸಂಖ್ಯೆಯನ್ನು ಗ್ರಾಹಕರೇ ಕೊಡುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ.

ಆದರೆ ಓಟಿಪಿ ಹೇಳುವುದು ಫೋನ್ ಕೈಯಲ್ಲಿದೆ ಎಂದಷ್ಟೇ. ಕೈ ಯಾರದು ಎಂದು ಹೇಳಲ್ಲ, ಅಲ್ವಾ? ನನಗೆ ಇದೇ ದೊಡ್ಡ ಚಿಂತೆ.

ಹಣ ಕಳಿಸುವ ಸೌಲಭ್ಯ ಬೇಕಾದರೆ ಪೂರ್ಣ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪೂರ್ತಿ ಪರಿಶೀಲನೆ, ಮಾಡಲೇಬೇಕು. ಆಗ ಮಿತಿ 2 ಲಕ್ಷ ರೂಪಾಯಿ. ಇದನ್ನು ವಿಡಿಯೋ ಕರೆಯಲ್ಲೂ ಮಾಡಬಹುದು. ಈ ವಿಡಿಯೋ ಕೆವೈಸಿಯಲ್ಲಿ ಸಂಸ್ಥೆಯದೇ ತರಬೇತಾದ ಸಿಬ್ಬಂದಿ ನೇರವಾಗಿ ಮಾತಾಡಿ ಮುಖ ನೋಡುತ್ತಾರೆ, ಪ್ಯಾನ್ ಪರಿಶೀಲಿಸುತ್ತಾರೆ, ಗ್ರಾಹಕರಿರುವ ಜಾಗವೂ ದಾಖಲಾಗುತ್ತದೆ. ಭದ್ರತೆ ಜಾಸ್ತಿ. ಸಿಬ್ಬಂದಿ, ರೆಕಾರ್ಡಿಂಗ್ ಇಡುವ ಖರ್ಚೂ ಜಾಸ್ತಿ. ನೆಟ್‌ವರ್ಕ್ ಕುಂಟುವ ಹಳ್ಳಿಗಳಲ್ಲಿ ಕರೆ ಮಧ್ಯದಲ್ಲೇ ಕಡಿದುಹೋಗಬಹುದು.

ಕ್ಯಾಂಟೀನ್, ಬಸ್ ಟಿಕೆಟ್‌ನಂಥ ಬಳಕೆಗೆ ಓಟಿಪಿ ದಾರಿ ಹಿಡಿಯಿರಿ. ಊರಿಗೆ ಸಂಬಳ ಕಳಿಸುವವರೇ ನಿಮ್ಮ ಗ್ರಾಹಕರಾದರೆ ವಿಡಿಯೋಗೆ ಈಗಲೇ ಹಣ ಎತ್ತಿಡಿ.