ಮೇಲಿನ ಬೆಟ್ಟದ ಟಿಕೆಟ್‌ಗೆ ಹಿಂದಿನ ರಾತ್ರಿಯೇ ದುಡ್ಡು ಕಟ್ಟಬೇಡಿ

ಸ್ಕೀಯಿಂಗ್‌ಗೆ ಹೋಗುವ ಯೋಚನೆ ಇದ್ದರೆ ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ. ರೆಸಾರ್ಟ್ ಹೆಸರು ಹೇಳುವುದಿಲ್ಲ. ಹೇಳಿದರೂ ಅಷ್ಟೇ, ಮೇಲಿನ ಬೆಟ್ಟಕ್ಕೆ ಬೇರೆ ದುಡ್ಡನ್ನು ಮೊದಲೇ ಕಟ್ಟಿಸಿಕೊಳ್ಳುವ ಈ ಚಾಳಿ ಈಗ ಒಂದೇ ಕಡೆ ಉಳಿದಿಲ್ಲ.

ನಾನು, ನಮ್ಮ ಭಾವ ಇಬ್ಬರೇ ಹೋಗಿದ್ದೆವು. ಹಿಂದಿನ ರಾತ್ರಿ ಆನ್‌ಲೈನ್‌ನಲ್ಲಿ ದಿನದ ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತಂತಿಕುರ್ಚಿ) ಟಿಕೆಟ್ ತಗೊಳ್ಳುವಾಗ ಇನ್ನೊಂದು ಆಯ್ಕೆ ಬಂತು. ಶಿಖರದ ಕೆಳಗಿನ ಕಡಿದಾದ ಇಳಿಜಾರು, ‘ಡಬಲ್ ಬ್ಲ್ಯಾಕ್ ಡೈಮಂಡ್’ ಅಂತ ಗುರುತು ಹಾಕಿದ ಅತಿ ಕಷ್ಟದ ಹಾದಿಗಳು, ಅದಕ್ಕೆ ಬೇರೆ ಶುಲ್ಕ. ಹೆಚ್ಚುಕಡಿಮೆ ಟಿಕೆಟ್‌ನ ಅರ್ಧ. ಬೆಳಿಗ್ಗೆ ತಗೊಂಡರೆ ಇನ್ನೂ ಜಾಸ್ತಿ ಅಂತ ಕೆಂಪಕ್ಷರದಲ್ಲಿ ಬೇರೆ ಹಾಕಿದ್ದರು. ಒತ್ತಿಬಿಟ್ಟೆ. ಭಾವ ಮಾತ್ರ, ‘ನನಗೆ ಕೆಳಗಿನದೇ ಸಾಕಪ್ಪ’ ಅಂದರು.

ರಾತ್ರಿಯಿಡೀ ಹಿಮ ಬಿತ್ತು. ಖುಷಿಯಿಂದ ಎದ್ದರೆ ಬೆಟ್ಟದ ಮೇಲಿಂದ ಢಂ, ಢಂ ಎಂಬ ಸದ್ದು. ರೆಸಾರ್ಟಿನ ಗಸ್ತಿನವರು ಸಿಡಿಮದ್ದು ಹಾಕಿ, ಕುಸಿಯುವ ಹಿಮವನ್ನು ಜನ ಬರುವ ಮೊದಲೇ ಕುಸಿಯುವಂತೆ ಮಾಡುತ್ತಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು. ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಹಾಗೆ ಪೇರಿಸಿದ ಪದರ ಕೆಳಗಿನ ಹಳೇ ಹಿಮಕ್ಕೆ ಎಷ್ಟೋ ಸಲ ಗಟ್ಟಿಯಾಗಿ ಅಂಟಿರುವುದಿಲ್ಲ. ಹಿಮಕುಸಿತಗಳಲ್ಲಿ ಹೆಚ್ಚಿನವು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಪ್ರೀಮಿಯಂ ಅಂತ ಮಾರುವುದೂ ಬಹುಪಾಲು ಅಂಥ ಇಳಿಜಾರನ್ನೇ! ಹಿಮ ಚೆನ್ನಾಗಿ ಬಿದ್ದ ದಿನವೇ ಅದು ಮುಚ್ಚಿರುವ ಸಾಧ್ಯತೆ ಜಾಸ್ತಿ.

ಒಂಬತ್ತಕ್ಕೆ ಬೋರ್ಡಿನಲ್ಲಿ ಮೇಲಿನ ಲಿಫ್ಟ್‌ಗೆ ಕೆಂಪು ದೀಪ. ಹನ್ನೊಂದಕ್ಕೂ ಕೆಂಪೇ. ಹಿಮದ ಕೆಲಸ ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು. ಖಾಲಿ ಕುರ್ಚಿಗಳು ತಂತಿಯಲ್ಲಿ ಉಯ್ಯಾಲೆಯ ಹಾಗೆ ಓಲಾಡುತ್ತಿದ್ದವು. ಈಗ ಬಿಡಬಹುದು, ಇನ್ನೇನು ಬಿಟ್ಟರು ಅಂತ ನಾನು ಅಲ್ಲೇ ನಿಂತೆ. ದುಡ್ಡು ಕಟ್ಟಿದ್ದೆನಲ್ಲ! ಅಷ್ಟರಲ್ಲಿ ಭಾವ ಕೆಳಗಿನ ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ ಹಾದಿಯಲ್ಲಿ ಎಂಟು ಸಲ ಇಳಿದು ಬಂದಿದ್ದರು.

ಒಂದೂವರೆ ದಾಟಿದ ಮೇಲೆ ಗೇಟ್ ತೆರೆಯಿತು. ನನ್ನಂತೆ ಕಾದವರೆಲ್ಲ ಒಟ್ಟಿಗೆ ನುಗ್ಗಿದರು. ಜೇಬಿನ ಕಾರ್ಡ್ ಓದಿ ಯಂತ್ರ ಬೀಪ್ ಅಂತು, ಹಸಿರು ದೀಪ ಬಂತು, ಒಳಗೆ ಹೋದೆ. ಇನ್ನು ಮೂರು ಕುರ್ಚಿ ಹೋದರೆ ನನ್ನ ಸರದಿ, ಆಗ ಲಿಫ್ಟ್ ನಿಂತಿತು. ಮತ್ತೆ ಗಾಳಿ. ಆ ದಿನಕ್ಕೆ ಅಷ್ಟೇ.

ಹಣ ವಾಪಸ್ ಕೇಳಲು ಕೌಂಟರ್‌ಗೆ ಹೋದೆ. ಅಲ್ಲಿದ್ದ ಹುಡುಗಿ ಪಾಪ ಮೆತ್ತಗೇ ಮಾತಾಡಿದಳು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು: 1:42, ಒಂದು ಸ್ಕ್ಯಾನ್, ‘ಬಳಸಲಾಗಿದೆ’. ‘ಮೇಲೆ ಹೋಗಲೇ ಇಲ್ಲ’ ಅಂದೆ. ಗೇಟ್ ದಾಟಿದರೆ ಬಳಸಿದ ಹಾಗೆ ಅಂತ ಷರತ್ತಿನಲ್ಲಿದೆಯಂತೆ. ಹೋಗಿ ಓದಿದೆ. ಹೌದು, ಇದೆ.

ಬೇರೆ ಶುಲ್ಕ ತಗೊಳ್ಳುವುದೇ ತಪ್ಪು ಅಂತ ನಾನು ವಾದಿಸುವುದಿಲ್ಲ. ಕಡಿದಾದ ಜಾಗ ಕಾಯಲು ಗಸ್ತು, ಸಿಡಿಮದ್ದು ಎಲ್ಲ ಬೇಕು, ಮೇಲಿನ ಲಿಫ್ಟ್‌ನಲ್ಲಿ ಹೋಗುವ ಜನವೂ ಕಡಿಮೆ. ಅಮೆರಿಕದ ಮೊಂಟಾನಾದ ಬಿಗ್ ಸ್ಕೈ ರೆಸಾರ್ಟಿನಲ್ಲಿ 2021-22ರ ಸೀಸನ್‌ನಿಂದ ಶಿಖರಕ್ಕೆ ಒಯ್ಯುವ ತಂತಿಗಾಡಿ ‘ಲೋನ್ ಪೀಕ್ ಟ್ರ್ಯಾಮ್‌’ಗೆ ಬೇರೆ ದುಡ್ಡು ತಗೊಳ್ಳುತ್ತಾರೆ. ಅದೇ ವರ್ಷ ಪೌಡರ್ (POWDR) ಎಂಬ ಸ್ಕೀ ರೆಸಾರ್ಟ್ ಕಂಪನಿ ತನ್ನ ನಾಲ್ಕು ರೆಸಾರ್ಟ್‌ಗಳಲ್ಲಿ ದಿನಕ್ಕೆ 49 ಡಾಲರ್‌ನಿಂದ ಶುರುವಾಗುವ, ಲಿಫ್ಟ್‌ಗೆ ಬೇಗನೆ ಹೋಗುವ ಬೇರೆ ಸಾಲು ತಂದಿತು, ಆಗ ಸಿಟ್ಟಾದವರು ಬಹಳ. ಸಾಲಿನ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ, ದುಡ್ಡು ಕೊಟ್ಟವನಿಗೆ ಏನೋ ಒಂದು ಸಿಗುತ್ತದೆ. ಆದರೆ ಗಾಳಿ, ಹಿಮದ ಅಪಾಯವನ್ನೆಲ್ಲ ಗಿರಾಕಿಯ ತಲೆಗೆ ಕಟ್ಟಿ, ಕಾಸು ಮಾತ್ರ ಹಿಂದಿನ ರಾತ್ರಿಯೇ ಎಣಿಸಿಕೊಳ್ಳುವುದು ಯಾವ ನ್ಯಾಯ?

ಹೋಗುವುದೇ ಆದರೆ ಮೊದಲು ಬರೀ ಸಾಮಾನ್ಯ ಟಿಕೆಟ್ ತಗೊಳ್ಳಿ. ಮೇಲಿನ ಲಿಫ್ಟ್ ಓಡುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆ ಉಳಿದದ್ದು. ಬೆಳಿಗ್ಗೆ ಬೆಲೆ ಜಾಸ್ತಿಯಾದರೂ ಪರವಾಗಿಲ್ಲ. ಗಾಳಿ ಬೀಸುವಾಗ ಗೇಟಿಗೆ ಕಾರ್ಡ್ ತೋರಿಸಲೇಬೇಡಿ, ಒಂದು ಬೀಪ್‌ಗೆ ಕಥೆ ಮುಗಿಯುತ್ತದೆ. ‘ಹವಾಮಾನದಿಂದ ಮುಚ್ಚಿದರೆ’ ಎಂಬ ಸಾಲನ್ನು ಷರತ್ತಿನಲ್ಲಿ ಹುಡುಕಿ ಓದಿ.

ನಾಲ್ಕು ಸಲ ಮೇಲ್ ಬರೆದ ಮೇಲೆ ನನಗೊಂದು ಕೂಪನ್ ಕಳಿಸಿದರು. ಶನಿವಾರ, ಭಾನುವಾರ, ರಜಾದಿನ ಬಿಟ್ಟು, ಅದೇ ಸೀಸನ್‌ನೊಳಗೆ ಬಳಸಬೇಕಂತೆ. ಅದು ಬರುವಷ್ಟರಲ್ಲಿ ಸೀಸನ್ನಿಗೆ ಆರೇ ದಿನ ಉಳಿದಿತ್ತು.