ಟಾಕ್‌ಬ್ಯಾಕ್: ವರ್ಷಗಟ್ಟಲೆ ಬಳಸಿದವನ ಮಾತು

ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಮೂಡಿಗೆರೆ ಹತ್ತಿರ ಸ್ವಲ್ಪ ಕಾಫಿ ತೋಟ ಇದೆ. ಫೋನಿನ ಕೆಲಸವೆಲ್ಲ ನಡೆಯುವುದು, ಪರದೆ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ನಿಂದ. ದುಡ್ಡು ಕೊಡಬೇಕಿಲ್ಲ. ಬೆರಳು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕನ್ನಡ ದನಿಯಲ್ಲಿ ಭಾವ ಕಡಿಮೆ, ಆದರೆ ಸ್ಪಷ್ಟ. ನಾನು ವೇಗ ಜಾಸ್ತಿ ಇಟ್ಟು ಕೇಳುತ್ತೇನೆ, ಮನೆಯವರಿಗೆ ಒಂದಕ್ಷರ ತಿಳಿಯುವುದಿಲ್ಲ, ಅದೂ ಒಂದು ಲಾಭವೇ.

ನನ್ನ ದೂರು ಇರುವುದು ಆಪ್ ಮಾಡುವವರ ಮೇಲೆ. ಅವರು ಬಟನ್‌ಗೆ ಹೆಸರು ಬರೆದಿದ್ದರೆ ಟಾಕ್‌ಬ್ಯಾಕ್ ಓದುತ್ತದೆ, ಇಲ್ಲದಿದ್ದರೆ ಬರೀ 'ಬಟನ್' ಅನ್ನುತ್ತದೆ. ನನ್ನ ಬ್ಯಾಂಕಿನ ಆಪ್ ಮೊದಲು ಚೆನ್ನಾಗಿತ್ತು. ಹೊಸ ಡಿಸೈನ್ ಅಂತ ಬಂತು ನೋಡಿ, ಕೆಳಗಿನ ಸಾಲಿನ ಚಿತ್ರಗಳೆಲ್ಲ ಬರೀ ಬಟನ್ ಆದವು. ದುಡ್ಡು ಕಳಿಸುವುದು ಯಾವುದು, ಲಾಗ್‌ಔಟ್ ಯಾವುದು ಅಂತ ಬ್ಯಾಂಕ್ ಆಪ್‌ನಲ್ಲಿ ಸುಮ್ನೆ ತಟ್ಟಿ ನೋಡುವ ಧೈರ್ಯ ಯಾರಿಗಿದೆ? ನಾವೇ ಹೆಸರು ಕೊಟ್ಟುಕೊಳ್ಳುವ ಸೌಲಭ್ಯ ಟಾಕ್‌ಬ್ಯಾಕ್‌ನಲ್ಲಿದೆ ನಿಜ, ಆದರೆ ಯಾವ ಬಟನ್ ಏನು ಅಂತ ಹೇಳಲು ಕಣ್ಣಿರುವವರು ಒಬ್ಬರು ಪಕ್ಕದಲ್ಲಿ ಕೂರಬೇಕಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ 'ಮನೆಯಲ್ಲಿ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಿ ಸರ್' ಅಂದರು. ಪಿನ್ ಯಾರಿಗೂ ಹೇಳಬೇಡಿ ಅಂತ ಮೆಸೇಜ್ ಕಳಿಸುವವರೂ ಇವರೇ!

ಇದು ದಯೆ ದಾಕ್ಷಿಣ್ಯದ ವಿಷಯವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಕಣ್ಣು ಮಿಟುಕಿಸಿ ಅನ್ನುವಂಥ ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆ, ಅದರ ಬಗ್ಗೆ ಕುರುಡರು, ಆಸಿಡ್ ದಾಳಿಗೆ ಒಳಗಾದವರು ಹೋರಾಡಿದ ಮೇಲೆ, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಅಂತಲೇ ಹೇಳಿತು.

ಆಪ್ ಮಾತ್ರ ಅಲ್ಲ. ಹಳೇ ನುಡಿ ಫಾಂಟಿನ ಪಿಡಿಎಫ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಕೇಳಿಸುತ್ತದೆ. ಯೂನಿಕೋಡ್‌ನಲ್ಲಿ ಮಾಡಿದ್ದರೆ ಆರಾಮಾಗಿ ಓದುತ್ತದೆ. ನಮ್ಮ ವಾಟ್ಸಾಪ್ ಗುಂಪಿಗೆ ಕಾಫಿ ರೇಟು ಬರುವುದು ಬಣ್ಣದ ಪೋಸ್ಟರ್ ಆಗಿ, ನನಗೆ ಕೇಳಿಸುವುದು 'ಫೋಟೋ' ಅಂತ ಅಷ್ಟೇ. ಅರೇಬಿಕಾ ಪಾರ್ಚ್‌ಮೆಂಟ್, ಚೆರ್ರಿ, ರೋಬಸ್ಟಾ ಅಂತ ನಾಲ್ಕು ಸಾಲು ಕೆಳಗೆ ಟೈಪ್ ಮಾಡಪ್ಪಾ ಅಂದೆ, ಆ ಹುಡುಗ ಮಾಡುತ್ತಿದ್ದಾನೆ. ಈಗ ಕಣ್ಣಿರುವವರೂ ಅದನ್ನೇ ಕಾಪಿ ಮಾಡಿ ಕಳಿಸುತ್ತಾರೆ.

ಟಾಕ್‌ಬ್ಯಾಕ್‌ಗೆ ಐದಕ್ಕೆ ನಾಲ್ಕೂವರೆ. ಕನ್ನಡ, ಇಂಗ್ಲಿಷ್ ಬೆರೆತ ಸಾಲಿನಲ್ಲಿ ಇನ್ನೂ ತಡವರಿಸುತ್ತದೆ, ಅದಕ್ಕೆ ಅರ್ಧ ಕಡಿಮೆ. ಬ್ಯಾಂಕ್ ಆಪ್‌ಗೆ ಒಂದು. ಬೇರೆ ಬ್ಯಾಂಕಿಗೆ ಹೋಗಬಹುದಲ್ವಾ ಅಂತ ಕೇಳಬೇಡಿ, ಬೆಳೆ ಸಾಲ ಅಲ್ಲೇ ಇದೆ.